ಎಡಕ್ಕೆ ತಿರುಗಿದ ಕಪ್ಪುಕುಳಿ

ಈ ಸಂಗತಿಯನ್ನು ನಾನು ಈಗಾಗಲೇ ಹತ್ತಾರು ಸಲ ಹೇಳಿದ್ದೇನೆ. ಹೇಳಿದಷ್ಟೂ ಸಲ ಅದು ಇನ್ನಷ್ಟು ಚೆಂದವಾಗಿದೆ. ನನಗೆ ಅನುಮಾನ ಬರುವುದು ಅಲ್ಲೇ. ನಡೆದದ್ದು ಅಷ್ಟು ಚೆಂದವಾಗಿ ನಡೆಯುವುದಿಲ್ಲ. ಹಾಗಾಗಿ ಆ ವರ್ಷದ ದಿನಚರಿಯನ್ನು ಎಡಗಡೆ, ಕಂಪ್ಯೂಟರ್ ತಾನಾಗಿ ಬರೆದಿಟ್ಟ ದಾಖಲೆಯನ್ನು ಬಲಗಡೆ ಇಟ್ಟುಕೊಂಡು ಬರೆಯಲು ಕೂತಿದ್ದೇನೆ. ನೆನಪು, ದಿನಚರಿ, ದಾಖಲೆ, ಈ ಮೂರರಲ್ಲಿ ಎರಡು ಒಪ್ಪಿದರೆ ಬರೆಯುವುದು, ಒಪ್ಪದಿದ್ದರೆ ಒಪ್ಪಲಿಲ್ಲ ಎಂದು ಹೇಳಿ ಬರೆಯುವುದು.

ದಿನಚರಿ ಗುರುವಾರದಿಂದ ಶುರುವಾಗುತ್ತದೆ. ನಾನಾಗ ಪಿಎಚ್‌.ಡಿ.ಯ ಮೂರನೆಯ ವರ್ಷದಲ್ಲಿದ್ದೆ. ಕಪ್ಪುಕುಳಿಗಳು ಎಷ್ಟು ವೇಗವಾಗಿ ತಿರುಗುತ್ತವೆ ಎಂದು ಕ್ಷಕಿರಣಗಳಿಂದ ಅಳೆಯುವುದು ನನ್ನ ವಿಷಯ. ಪ್ರಬಂಧಕ್ಕೆ ಮೂರು ಕುಳಿಗಳು. ಎರಡು ಗರಗರ ತಿರುಗುತ್ತಿದ್ದವು, ತಕರಾರಿರಲಿಲ್ಲ. ಮೂರನೆಯದು ಸೊನ್ನೆ ಎನ್ನುತ್ತಿತ್ತು. ಅಂದರೆ ತಿರುಗುತ್ತಲೇ ಇಲ್ಲ. ಯಾವ ಕಡೆಯಿಂದ ಲೆಕ್ಕ ಹಚ್ಚಿದರೂ ಅದು ಸೊನ್ನೆಗೆ ಬಂದು ನಿಂತುಬಿಡುತ್ತಿತ್ತು.

ನನ್ನ ಮಾರ್ಗದರ್ಶಕರು ಅಫಜಲಪುರದವರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು ಮಾತ್ರ ಅಫಜಲಪುರದ ಕನ್ನಡದಲ್ಲಿ. ಅವರು ನನ್ನ ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಗ್ವಾಡಿಗಿ ಮುಖಾ ಹಚ್ಚಿ ನಿಂತ ಎಮ್ಮಿಗತೆ ಕಾಣ್ತದವಾ ಇದು" ಎಂದರು.

"ನಿಂತೇ ಇರಬಹುದಲ್ರಿ ಸರ್?"

"ಇರಬಹುದು. ಇಲ್ಲಾ ನೀ ತಪ್ಪು ಮಾಡಿರಬಹುದು. ನಿಂತ ಕುಳಿ ನಾ ಇಲ್ಲೀತನಕ ನೋಡಿಲ್ಲ. ತಪ್ಪು ಮಾಡಿದವರ್ನ ಭಾಳ ನೋಡೀನಿ."

ಆಮೇಲೆ ಹೇಳಿದರು: ಪಂಚಮಿಗೆ ಊರಿಗೆ ಹೋಗಿ ಬಾ, ಸೋಮವಾರ ಬರುವಾಗಲೂ ಇದೇ ಸೊನ್ನೆ ತಂದರೆ ಈ ಕುಳಿಯನ್ನು ಪ್ರಬಂಧದಿಂದ ತೆಗೆದುಬಿಡೋಣ. ಮೂರು ಕುಳಿಗಳ ಪೈಕಿ ನಾನು ಅತಿ ಹೆಚ್ಚು ದಿನ ಕೂತದ್ದು ಇದರ ಮುಂದೆಯೇ. ಉಳಿದೆರಡನ್ನು ಬೇರೆಯವರೂ ಅಳೆದಿದ್ದರು. ಇದನ್ನು ಯಾರೂ ಅಳೆದಿರಲಿಲ್ಲ. ಹೋದರೆ ನನ್ನದು ಅನ್ನುವಂಥದ್ದು ಪ್ರಬಂಧದಲ್ಲಿ ಏನೂ ಉಳಿಯುತ್ತಿರಲಿಲ್ಲ. ದಿನಚರಿಯಲ್ಲಿ ಆ ದಿನ ಒಂದೇ ಸಾಲು ಇದೆ: "ಸೋಮವಾರದವರೆಗೆ."

ಶುಕ್ರವಾರ ಜೇವರ್ಗಿ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಹಿಡಿದು ಕೊಳಕೂರಿಗೆ ಬಂದೆ. ಮನೆಯಲ್ಲಿ ಆಯಿ, ಅಂದರೆ ನನ್ನ ತಂದೆಯ ತಾಯಿ, ಉಂಡಿಗೆ ಶೇಂಗಾ ಹುರಿಯುತ್ತ ಕೂತಿದ್ದಳು. ನಮ್ಮ ಮನೆಯಲ್ಲಿ ಮೊಬೈಲು ಸಿಗ್ನಲ್ ಬರುವುದಿಲ್ಲ. ಎದುರು ಮನೆಯ ಖಾಲಾ ಅವರ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಮಗ್ಗುಲಿಗೆ ಮಾತ್ರ ಚೆನ್ನಾಗಿ ಬರುತ್ತದೆ. ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿಗೆ ನನ್ನ ಲ್ಯಾಪ್‌ಟಾಪನ್ನು ಅಲ್ಲಿಂದಲೇ ಜೋಡಿಸಬೇಕು. ಖಾಲಾ ಅವರಿಗೆ ಇದು ಅಭ್ಯಾಸವಾಗಿಹೋಗಿದೆ. ಹಪ್ಪಳ ಒಣಗಿಸಲು ಬಂದವರನ್ನು ಕೇಳುವಂತೆ ನನ್ನನ್ನೂ ಕೇಳುತ್ತಾರೆ.

"ಕ್ಯಾ ಬೇಟಿ, ನಿನ್ನ ಖಡ್ಡಾ ತಿರುಗ್ತೇನು?"

"ಇನ್ನೂ ಇಲ್ರಿ ಖಾಲಾ."

"ಹಬ್ಬದ ಛುಟ್ಟಿ ಅದರಿಗೂ ಇರ್ಬೇಕ್ ಬಿಡು."

ಅವರಿಗೆ ಅದು ಖಡ್ಡಾ. ಆಯಿಗೆ ಅದು ಹಗೇವು. ಮೊದಲು ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಆಳದ ಕುಳಿ ಅದು. ನಮ್ಮದನ್ನು ಮುಚ್ಚಿ ಅದರ ಮೇಲೆ ಈಗ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ನಾನು ಎಂ.ಎಸ್ಸಿ.ಯಲ್ಲಿದ್ದಾಗ ಆಯಿ ನನ್ನ ಓದಿನ ಬಗ್ಗೆ ಕೇಳಿದ್ದಳು, ನಾನು ಕಪ್ಪುಕುಳಿ ಎಂದಿದ್ದೆ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ ಎಂದಿದ್ದೆ. ಅಂದಿನಿಂದ ಅವಳು ಅದನ್ನು ತನ್ನ ಹಗೇವಿನ ಲೆಕ್ಕಕ್ಕೆ ಹಾಕಿಕೊಂಡಿದ್ದಾಳೆ.

ಆ ಶುಕ್ರವಾರ ಮತ್ತೆ ಕೇಳಿದಳು. "ಒಳಗ ಇಳಿಯಾಕ ಬರಂಗಿಲ್ಲ ಅಂತಿ. ಮತ್ತ ತಿರುಗ್ತದೋ ಇಲ್ಲೋ ಹ್ಯಾಂಗ ಗೊತ್ತಾಗ್ತದ?"

"ನೀವು ಹಗೇವಿಗಿ ಇಳಿಯೂಕಿಂತ ಮುಂಚೆ ಏನ್ ಮಾಡ್ತಿದ್ರಿ ಆಯಿ?"

"ಹಗ್ಗಕ್ಕ ಕಂದೀಲ ಕಟ್ಟಿ ಬಿಡ್ತಿದ್ವಿ. ಆರಿದ್ರ ಕೆಟ್ಟ ಗಾಳಿ ಅದ ಅಂತ. ಆರಲಿಲ್ಲಂದ್ರ ಇಳಿಯೂದು."

"ನಾವೂ ಕಂದೀಲಾನೇ ನೋಡೂದು. ಅಂಚಿನ ತನಕ ಹೋಗೂ ಬೆಳಕು."

ಇಷ್ಟು ಹೇಳಿ ನಾನು ಹಿಗ್ಗಿದೆ. ಈಗಲೂ ಆ ಹೋಲಿಕೆ ನನಗೆ ಹಿಡಿಸುತ್ತದೆ. ಪಕ್ಕದ ನಕ್ಷತ್ರದಿಂದ ಕಪ್ಪುಕುಳಿ ಅನಿಲವನ್ನು ಎಳೆದುಕೊಳ್ಳುತ್ತದೆ. ಅನಿಲ ನೆಟ್ಟಗೆ ಬೀಳುವುದಿಲ್ಲ, ಸುತ್ತುತ್ತದೆ, ತಟ್ಟೆಯಂತೆ ಹರಡಿಕೊಳ್ಳುತ್ತದೆ, ಕಾದು ಕ್ಷಕಿರಣ ಸೂಸುತ್ತದೆ. ಆ ಅನಿಲದಲ್ಲಿ ಒಂದಿಷ್ಟು ಕಬ್ಬಿಣವಿದೆ. ಕಬ್ಬಿಣದಿಂದ ಬರುವ ಕ್ಷಕಿರಣಕ್ಕೆ ಒಂದು ಗೊತ್ತಾದ ಜಾಗವಿದೆ, ಗ್ರಾಫಿನ ಮೇಲೆ ಅದು ಸಪೂರವಾದ ಒಂದೇ ಗೆರೆಯಾಗಿ ಬರಬೇಕು. ಆದರೆ ಕುಳಿಯ ಹತ್ತಿರದ ಅನಿಲದ ಓಟ, ಅಲ್ಲಿನ ಸೆಳೆತ ಎರಡೂ ಸೇರಿ ಆ ಗೆರೆಯನ್ನು ಹಿಂಜಿಬಿಡುತ್ತವೆ. ಅಂಗಳದ ರಂಗೋಲಿಯ ಗೆರೆಯ ಮೇಲೆ ಯಾರದೋ ಸೆರಗು ಎಳೆದುಕೊಂಡು ಹೋದಂತೆ ಅದು ಒಂದು ಬದಿಗೆ ಹರಡುತ್ತದೆ. ಅನಿಲ ಕುಳಿಗೆ ಹತ್ತಿರವಾದಷ್ಟೂ ಹರಡುವುದು ಹೆಚ್ಚು. ಹರಡಿದ್ದನ್ನು ಅಳೆದರೆ ತಟ್ಟೆಯ ಒಳ ಅಂಚು ಎಲ್ಲಿದೆ ಎಂದು ತಿಳಿಯುತ್ತದೆ.

ಒಳ ಅಂಚು ತಿಳಿದರೆ ತಿರುಗಾಟ ತಿಳಿಯುತ್ತದೆ. ಕುಳಿಯ ತೂಕದಿಂದ ಲೆಕ್ಕ ಹಾಕಿದ ಒಂದು ಅಳತೆಗೋಲು ನಮ್ಮಲ್ಲಿದೆ. ಕುಳಿ ಸುಮ್ಮನೆ ನಿಂತಿದ್ದರೆ ಅನಿಲ ಆರು ಕೋಲಿನಷ್ಟು ದೂರದವರೆಗೆ ಬಂದು, ಅಲ್ಲಿಂದ ಮುಂದೆ ಸುತ್ತಲಾರದೆ ಒಳಗೆ ಬಿದ್ದುಬಿಡುತ್ತದೆ. ಕುಳಿ ಅನಿಲದ ಜೊತೆಜೊತೆಗೇ ಜೋರಾಗಿ ತಿರುಗುತ್ತಿದ್ದರೆ ಒಂದು ಕೋಲಿನ ಹತ್ತಿರದವರೆಗೂ ಬಿಟ್ಟುಕೊಳ್ಳುತ್ತದೆ. ನನ್ನ ಮೂರನೆಯ ಕುಳಿಯ ಗೆರೆ ಹೆಚ್ಚು ಹರಡಿರಲೇ ಇಲ್ಲ. ಅಂಚು ಆರಕ್ಕೆ ಬಂದು ಕೂರುತ್ತಿತ್ತು. ಆರು ಎಂದರೆ ಸೊನ್ನೆ.

ಆಯಿ ಇಷ್ಟನ್ನೂ ಶೇಂಗಾದ ಸಿಪ್ಪೆ ಊದುತ್ತ ಕೇಳಿಸಿಕೊಂಡಳು. ಕೊನೆಗೆ ಕೇಳಿದ್ದು ಒಂದೇ: "ನಿಂತಿದ್ರ ನಿಂದ್ರಲಿ. ನಿನಗ್ಯಾಕ ಅದರ ಸಂಕಟ?"

"ಸೋಮವಾರ ಅದನ್ನ ಪುಸ್ತಕದಾಗಿಂದ ತೆಗೀತಾರ ಆಯಿ."

"ಹಂಗಂದ್ರ ತಿರುಗಸು" ಎಂದಳು, ಫ್ಯಾನು ಹಾಕು ಎನ್ನುವಂತೆ.

ಶನಿವಾರ ಬೆಳಿಗ್ಗೆ ಅತ್ತಿ ಬಂದಳು. ನನ್ನ ತಂದೆಯ ತಂಗಿ. ಅವಳನ್ನು ಕೊಟ್ಟಿರುವುದು ಆಳಂದ ತಾಲ್ಲೂಕಿನ ಹಿರೋಳ್ಳಿಗೆ, ಮಹಾರಾಷ್ಟ್ರದ ಗಡಿಗೆ. ಮಾತಿನ ನಡುವೆ ಮರಾಠಿ ಹಾಕುತ್ತಾಳೆ, ಬೇಕೆಂದೇ. ಐವತ್ತು ದಾಟಿದೆ, ಮಂಡಿ ನೋವೂ ಇದೆ, ಆದರೆ ಪಂಚಮಿಗೆ ತವರಿನ ಹೊಸ್ತಿಲು ದಾಟಿದ ಕೂಡಲೇ ಹದಿನಾರಕ್ಕೆ ಇಳಿದುಬಿಡುತ್ತಾಳೆ. ಅವಳದು ಎಡಗೈ. ಚಿಕ್ಕವಳಿದ್ದಾಗ ಆಯಿ ಅವಳ ಎಡಗೈಗೆ ಲಟ್ಟಣಿಗೆಯಿಂದ ಎಷ್ಟು ಬಡಿದರೂ ಅದು ಬಲಗೈ ಆಗಲಿಲ್ಲ.

ನಮ್ಮ ಮನೆಯಲ್ಲಿ ಪಂಚಮಿಯ ಹಿಂದಿನ ದಿನ ತಂಬಿಟ್ಟಿನ ಪುಟಾಣಿಯನ್ನು ಬೀಸುವ ಕಲ್ಲಿನಲ್ಲೇ ಬೀಸಬೇಕು. ಮಿಕ್ಸಿ ಇದೆ, ಊರಲ್ಲಿ ಗಿರಣಿ ಇದೆ, ಆದರೂ ಮೊದಲ ಬೊಗಸೆ ಕಲ್ಲಿಗೇ. ಮತ್ತು ಕಲ್ಲು ಬಲಕ್ಕೇ ತಿರುಗಬೇಕು. ಇದು ಆಯಿಯ ಕಟ್ಟಳೆ. ಗುಡಿಯನ್ನು ಹೇಗೆ ಸುತ್ತುತ್ತೇವೋ ಹಾಗೆ ಕಲ್ಲು, ಹಾಗೆ ಮೊಸರು ಕಡೆಯುವ ಕಡಗೋಲಿನ ಮೊದಲ ಸುತ್ತು, ಹಾಗೆ ಆರತಿ. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಎಡಕ್ಕೆ ತಿರುಗಿದ ವಸ್ತುವನ್ನೇ ಕಂಡಿರಲಿಲ್ಲ. ಹೀಗೆ ಬರೆದಮೇಲೆ ಅನುಮಾನ ಬರುತ್ತಿದೆ. ನಲ್ಲಿ ಎಡಕ್ಕೆ ತಿರುಗುತ್ತದೆ. ಆದರೆ ನಲ್ಲಿಯನ್ನು ಯಾರು ನೋಡುತ್ತಾರೆ.

ಅತ್ತಿ ಮತ್ತು ನಾನು ಎದುರುಬದುರು ಕೂತು ಒಂದೇ ಗೂಟ ಹಿಡಿದೆವು. ಆಯಿ ಇರುವ ತನಕ ಕಲ್ಲು ಬಲಕ್ಕೆ ತಿರುಗಿತು. ಆಯಿ ಬೆಲ್ಲ ತರಲು ಒಳಗೆ ಹೋದದ್ದೇ ತಡ, ಅತ್ತಿ ನನ್ನ ಕೈ ಕಿತ್ತು, ಗೂಟವನ್ನು ಎಡಗೈಯಲ್ಲಿ ಹಿಡಿದು, ಇಡೀ ಕಲ್ಲನ್ನು ತಿರುಗಾಮುರುಗಾ ತಿರುಗಿಸತೊಡಗಿದಳು.

"ಅತ್ತಿ, ಆಯಿ ಬಂದಳು ಅಂದ್ರ."

"ಅಗ, ಬರ್ಲಿ. ಹಿಟ್ಟೇನ್ ಮ್ಯಾಲ ಹಾರ್ತದೇನು? ನೋಡಿಲ್ಲಿ. ಜರಾ ದಪ್ಪ ಬೀಳ್ತದ, ಅಷ್ಟ."

ನಿಜ. ಹಿಟ್ಟು ಬೀಳುತ್ತಿತ್ತು. ಸ್ವಲ್ಪ ತರಿತರಿಯಾಗಿ, ಆದರೆ ಬೀಳುತ್ತಿತ್ತು.

ಒಳಗಿನಿಂದ ಆಯಿಯ ದನಿ ಬಂತು. "ಯಾರಬೇ ಕಲ್ಲು ಹಿಂದಕ್ಕ ತಿರುಗ್ಸಾಕತ್ತೀರಿ? ಸಪ್ಪಳಾ ಕೇಳಿದ್ರ ಗೊತ್ತಾಗ್ತದ ನನಗ."

"ನಿನ್ನ ಮೊಮ್ಮಗಳು ಯವ್ವಾ" ಎಂದಳು ಅತ್ತಿ, ಎಡಗೈಯಲ್ಲಿ ಇನ್ನೂ ಎರಡು ಸುತ್ತು ತಿರುಗಿಸುತ್ತ. "ಪಿಎಚ್‌ಡಿ ಮಾಡಾಕತ್ತಾಳಲ್ಲ, ಅದಕ್ಕ."

ಈಗ ಕಷ್ಟದ ಭಾಗ. ನಾನು ಜನರಿಗೆ ಹೇಳುವಾಗ ಮುಂದಿನದನ್ನು ಹೀಗೆ ಹೇಳುತ್ತೇನೆ: ಮಧ್ಯಾಹ್ನ ಅತ್ತಿ ನನ್ನನ್ನು ಫುಗಡಿಗೆ ಎಳೆದಳು. ಇಬ್ಬರೂ ಕೈ ಅಡ್ಡಡ್ಡ ಹಿಡಿದು, ಪಾದಕ್ಕೆ ಪಾದ ತಾಗಿಸಿ, ಹಿಂದಕ್ಕೆ ಬಾಗಿ ಗಿರಗಿರನೆ ಸುತ್ತುವ ಆಟ. ಎಡಗೈಯ ಅತ್ತಿ ಆಟವನ್ನೂ ಎಡಕ್ಕೇ ತಿರುಗಿಸಿದಳು. ಆಕಾಶ ತಲೆಕೆಳಗಾಯಿತು, ನನ್ನ ಬುದ್ಧಿ ಫಕ್ಕನೆ ತೆರೆಯಿತು, ನಾನು ತಲೆ ಸುತ್ತುತ್ತಿರುವಾಗಲೇ ಖಾಲಾ ಅವರ ಮಾಳಿಗೆ ಹತ್ತಿ ಲೆಕ್ಕ ತಿದ್ದಿದೆ. ಕೇಳಿದವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ.

ಕಂಪ್ಯೂಟರಿನ ದಾಖಲೆ ಇದನ್ನು ಒಪ್ಪುವುದಿಲ್ಲ. ನಾನು ಲೆಕ್ಕ ತಿದ್ದಿದ್ದು ಬೆಳಿಗ್ಗೆ, ಹತ್ತಕ್ಕೂ ಹನ್ನೊಂದಕ್ಕೂ ನಡುವೆ. ಫುಗಡಿ ಆಡಿದ್ದು ಊಟದ ಮೇಲೆ. ಅಂದರೆ ಬೀಸುವ ಕಲ್ಲಿನ ಮುಂದಿನಿಂದ ಎದ್ದು, ಹಿಟ್ಟಿನ ಕೈಯಲ್ಲೇ ಮಾಳಿಗೆ ಹತ್ತಿ, ತಿದ್ದಿ, ಇಳಿದು ಬಂದಿದ್ದೇನೆ. ಆ ಹೊತ್ತಿನಲ್ಲಿ ಏನು ಯೋಚಿಸಿದೆ ಎಂಬುದರ ಒಂದು ಚೂರೂ ನೆನಪಿಲ್ಲ. ನನ್ನ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಪುಟಾಣಿ ಹಿಟ್ಟು ಈಗಲೂ ಇದೆ. ಅದು ಯಾವ ದಿನದ್ದು ಎಂದು ಹಿಟ್ಟಿನಿಂದ ತಿಳಿಯುವ ಉಪಾಯವಿಲ್ಲ.

ಏನು ತಿದ್ದಿದೆ ಎನ್ನುವುದು ಮಾತ್ರ ಸ್ಪಷ್ಟವಾಗಿ ಬರೆದಿದೆ. ತಿರುಗಾಟದ ಅಂಕಿ ನಿಂತ ಕುಳಿಗೆ ಸೊನ್ನೆ, ಅತಿ ಜೋರಾಗಿ ತಿರುಗುವುದಕ್ಕೆ ಒಂದು. ಅದನ್ನು ಹುಡುಕಲು ಕಂಪ್ಯೂಟರಿಗೆ ಒಂದು ಹೊಲ ಕೊಡಬೇಕು: ಇಲ್ಲಿಂದ ಇಲ್ಲಿಯವರೆಗೆ ಹುಡುಕು ಎಂದು. ನಾನು ಮೊದಲ ವರ್ಷವೇ ಸೊನ್ನೆಯಿಂದ ಒಂದರ ಹತ್ತಿರದವರೆಗೆ ಎಂದು ಬರೆದಿಟ್ಟಿದ್ದೆ. ಸೊನ್ನೆಗೆ ಬೇಲಿ ಹಾಕಿದ್ದೆ. ಮೊದಲ ಎರಡು ಕುಳಿಗಳು ಒಂದರ ಹತ್ತಿರವೇ ಇದ್ದವು, ಬೇಲಿಯ ಕಡೆ ಸುಳಿಯಲೇ ಇಲ್ಲ, ಹಾಗಾಗಿ ಅದು ಇದೆಯೆಂದೇ ಮರೆತುಹೋಗಿತ್ತು. ಆದರೆ ಸೊನ್ನೆಯ ಆಚೆಗೂ ಹೊಲವಿದೆ. ಕುಳಿ ಒಂದು ಕಡೆ, ಅದರ ಸುತ್ತಲ ಅನಿಲ ವಿರುದ್ಧ ಕಡೆ ತಿರುಗುತ್ತಿದ್ದರೆ ಅಂಕಿ ಋಣ ಚಿಹ್ನೆಗೆ ಹೋಗುತ್ತದೆ. ಆಗ ಕುಳಿ ಅನಿಲವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಒಳ ಅಂಚು ಆರರಿಂದ ಒಂಬತ್ತರ ಕಡೆಗೆ ಸರಿಯುತ್ತದೆ, ಗೆರೆ ಇನ್ನೂ ಕಡಿಮೆ ಹರಡುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೂ ಮೂರು ವರ್ಷ ನನ್ನ ಎಮ್ಮೆ ಗೋಡೆಗೆ ಮುಖ ಹಚ್ಚಿ ನಿಂತದ್ದನ್ನು ನೋಡುತ್ತಿದ್ದೆ, ಗೋಡೆ ಕಟ್ಟಿದ್ದು ನಾನೇ ಎಂದು ಹೊಳೆದಿರಲಿಲ್ಲ. ಆಯಿಯ ಮನೆಯಲ್ಲಿ ಬೆಳೆದವಳು ಬೇರೆ ಹೇಗೆ ಹೊಲ ಅಳೆದಾಳು?

ಆ ಬೆಳಿಗ್ಗೆ ನಾನು ಬೇಲಿ ಕಿತ್ತು, ಲೆಕ್ಕ ಓಡಲು ಬಿಟ್ಟು, ಅದು ಮುಗಿಯಲು ಹೊತ್ತು ಹಿಡಿಯುತ್ತದೆಂದು ಊಟಕ್ಕೆ ಇಳಿದಿದ್ದೇನೆ. ಆಮೇಲಿನದು ದಿನಚರಿಗೂ ನೆನಪಿಗೂ ಒಂದೇ.

ಊಟವಾದ ಮೇಲೆ ಅತ್ತಿ ಖಾಲಾ ಅವರ ಅಂಗಳದಲ್ಲಿ ಸೆರಗು ಸಿಕ್ಕಿಸಿ ನಿಂತಳು. "ಬಾ ಇಲ್ಲಿ. ಫುಗಡಿ."

"ಮಂಡಿ ನೋವು ಅಂದಿ."

"ಮಂಡಿ ಹಿರೋಳ್ಳಿಯಾಗ ನೋಯ್ತದ. ಇಲ್ಲಿ ನೋಯಂಗಿಲ್ಲ. ಬಾ ಬೇ, ಅಂಜುಬುರುಕಿ."

ಕೈ ಹಿಡಿದೆ. ಅವಳು ಎಡಕ್ಕೆ ಎಳೆದಳು, ನನ್ನ ಪಾದಗಳು ಅಭ್ಯಾಸದಂತೆ ಬಲಕ್ಕೆ ಹೋದವು. ಇಬ್ಬರೂ ಒಬ್ಬರನ್ನೊಬ್ಬರು ತಡೆದು ನಿಂತೆವು, ಒಂದು ಸುತ್ತೂ ಆಗಲಿಲ್ಲ. ಖಾಲಾ ಮೊರ ಬದಿಗಿಟ್ಟು ನಗತೊಡಗಿದರು. "ಅರೆ, ನೀವಿಬ್ರೂ ಜಗಳಾಡ್ತೀರೋ ಆಡ್ತೀರೋ?" ಎರಡನೆಯ ಸಲ ನಾನು ಅತ್ತಿಯ ದಿಕ್ಕಿಗೇ ಬಿಟ್ಟುಕೊಟ್ಟೆ. ನಿಧಾನಕ್ಕೆ ಶುರುವಾದದ್ದು ಒಮ್ಮೆಲೇ ವೇಗ ಹಿಡಿಯಿತು. ಟ್ಯಾಂಕು, ಬೇವಿನ ಗಿಡ, ಖಾಲಾ, ಒಣಹಾಕಿದ ಚಾದರ, ಮತ್ತೆ ಟ್ಯಾಂಕು, ಎಲ್ಲ ತಪ್ಪು ಕ್ರಮದಲ್ಲಿ ಬರುತ್ತಿದ್ದವು. ಅತ್ತಿಯ ಜಡೆ ಹಿಂದಕ್ಕೆ ನೆಟ್ಟಗೆ ನಿಂತಿತ್ತು. ನಾನು ಅದನ್ನು ನೋಡುತ್ತ, ಜಡೆ ಎಷ್ಟು ಎದ್ದಿದೆ ಎಂದು ನೋಡಿ ವೇಗ ಹೇಳಬಹುದಲ್ಲ ಎಂದುಕೊಂಡೆ, ಅದನ್ನು ಅತ್ತಿಗೆ ಹೇಳಲು ಬಾಯಿ ತೆರೆದೆ, ಕೈ ಜಾರಿತು. ಅತ್ತಿ ಬೇವಿನ ಕಟ್ಟೆಗೆ ಹೋಗಿ ಕೂತಳು. ನಾನು ಖಾಲಾ ಅವರ ಮೊರದ ಮೇಲೆ. ಅಕ್ಕಿ ಅಂಗಳ ತುಂಬ ಹಾರಿತು.

"ತಿರುಗಿತಲ್ಲ ಖಡ್ಡಾ" ಎಂದರು ಖಾಲಾ. ಅಕ್ಕಿಯ ಚಿಂತೆ ಅವರಿಗೆ ಆಮೇಲೆ ಬಂತು.

ಗಂಟೆ ನೋಡಿದೆ. ಲೆಕ್ಕ ಮುಗಿದಿರಬೇಕು. ತಲೆ ಇನ್ನೂ ಎಡಕ್ಕೇ ಸುತ್ತುತ್ತಿತ್ತು, ಗೋಡೆ ಹಿಡಿದು ಮೆಟ್ಟಿಲು ಹತ್ತಿದೆ. ಪರದೆಯ ಮೇಲಿನ ಅಂಕಿ ಓಡಾಡುತ್ತಿರುವಂತೆ ಕಂಡಿತು. ಕಣ್ಣು ಮುಚ್ಚಿ, ಟ್ಯಾಂಕಿಗೆ ಒರಗಿ, ಮತ್ತೆ ತೆರೆದೆ. ಅಂಕಿಯ ಮುಂದೆ ಒಂದು ಪುಟ್ಟ ಅಡ್ಡಗೆರೆ ಇತ್ತು. ಋಣ. ಬೇಲಿಯಿಂದ ಬಹಳ ಆಚೆಗೆ ಹೋಗಿ, ಹೊಲದ ನಡುವೆ, ಯಾವ ಗೋಡೆಗೂ ತಾಗದೆ ನಿಂತಿತ್ತು. ದೋಷದ ಅಂದಾಜು, ಅಂದರೆ ಅಂಕಿ ಎಷ್ಟು ಆಚೀಚೆ ಆಗಿರಬಹುದು ಎಂಬುದು, ದೊಡ್ಡದಿತ್ತು, ಆದರೆ ಅದರ ಬಲತುದಿಯೂ ಸೊನ್ನೆಯನ್ನು ಮುಟ್ಟುತ್ತಿರಲಿಲ್ಲ.

ಮಾರ್ಗದರ್ಶಕರಿಗೆ ಅಲ್ಲಿಂದಲೇ ಫೋನು ಮಾಡಿದೆ. ಆ ಕಡೆ ಪಾತ್ರೆಗಳ ಸಪ್ಪಳ, ಅವರ ಮನೆಯಲ್ಲೂ ಉಂಡಿ ನಡೆದಿತ್ತು.

"ಬೇಲಿ ಎಲ್ಲಿ ಹಾಕಿದ್ದಿ?" ಎಂದು ಕೇಳಿದರು.

"ಸೊನ್ನೆಕ್ರಿ ಸರ್."

"ಯಾಕ?"

ನಾನು ಕೀಲಿಗಳ ಮೇಲಿನ ಹಿಟ್ಟು ಊದಿದೆ.

"ಮೂರು ವರ್ಷ ನಾನೂ ನೋಡ್ಲಿಲ್ಲಲ್ಲ" ಎಂದರು, ಅದು ನನಗೆ ಹೇಳಿದ್ದಿರಲಿಕ್ಕಿಲ್ಲ. ಆಮೇಲೆ ದನಿ ಗಟ್ಟಿಯಾಯಿತು. "ಭಾಳ ಹಿಗ್ಗಬ್ಯಾಡ. ತಟ್ಟಿ ಒಳ ಅಂಚಿನ ತನಕ ಬಂದದ ಅಂತ ಏನ್ ಗ್ಯಾರಂಟಿ? ಅನಿಲ ದೂರದಾಗೇ ನಿಂತಿದ್ರೂ ಹಿಂಗೇ ಕಾಣ್ತದ. ಬ್ಯಾರೆ ದಿನದ್ದು ನೋಡಿಯೇನು?"

ನೋಡಿರಲಿಲ್ಲ. ನನ್ನ ಹತ್ತಿರ ಇನ್ನೂ ಎರಡು ದಿನಗಳ ವೀಕ್ಷಣೆ ಇತ್ತು, ಒಂದು ಅದೇ ಕುಳಿಯ ಅನಿಲ ಹೆಚ್ಚು ಪ್ರಕಾಶವಾಗಿದ್ದಾಗಿನದು, ಇನ್ನೊಂದು ಮಂಕಾಗಿದ್ದಾಗಿನದು. ಅನಿಲ ತನ್ನ ಪಾಡಿಗೆ ದೂರ ನಿಂತಿದ್ದರೆ ಬೆಳಕು ಬದಲಾದಂತೆ ಅಂಚೂ ಹಿಂದೆ ಮುಂದೆ ಸರಿಯಬೇಕು. ಬೆಳಕು ಏನೇ ಆಗಲಿ ಅಂಚು ಅಲ್ಲೇ ಇದ್ದರೆ, ಅದನ್ನು ಅಲ್ಲಿ ನಿಲ್ಲಿಸಿದ್ದು ಕುಳಿಯೇ.

ಪಂಚಮಿಯ ದಿನವೆಲ್ಲ ನಾನು ಮಾಳಿಗೆಯ ಮೇಲೆಯೇ ಇದ್ದೆ. ಕೆಳಗೆ ಹಾಲೆರೆದು ಬಂದು, ಉಂಡಿಯ ತಟ್ಟೆ ಹಿಡಿದು ಅತ್ತಿ ಮೇಲೆ ಬರುತ್ತಿದ್ದಳು. "ಏನಂತದ?" ಎಂದು ಕೇಳಿ, ಒಂದು ಉಂಡಿ ನನ್ನ ಬಾಯಿಗೆ ತುರುಕಿ, ಉತ್ತರ ಕೇಳದೆ ಜೋಕಾಲಿಗೆ ಓಡುತ್ತಿದ್ದಳು. ಖಾಲಾ ನನ್ನ ಪರದೆಗೆ ಬಿಸಿಲು ಬೀಳದಂತೆ ಚಾದರ ಕಟ್ಟಿಕೊಟ್ಟರು. ಸಂಜೆಯ ಹೊತ್ತಿಗೆ ಎರಡೂ ಮುಗಿದವು. ಮೂರು ದಿನಗಳ ಅಂಚುಗಳೂ ಒಂದರ ಮೇಲೊಂದು ಕೂತಿದ್ದವು, ಆರರ ಆಚೆ, ಒಂಬತ್ತರ ಈಚೆ. ನಾನು ಮೂರನೆಯದನ್ನು ನಂಬದೆ ಇನ್ನೊಮ್ಮೆ ಓಡಿಸಿದೆ. ಅಲ್ಲೇ ಬಂತು.

ಸೋಮವಾರ ಮಾರ್ಗದರ್ಶಕರು ಮೂರು ಗ್ರಾಫುಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಇನ್ನೂ ನಾಲ್ಕು ಪರೀಕ್ಷೆ ಹೇಳಿದರು, ಕುಳಿಯನ್ನು ನಾವು ಯಾವ ಓರೆಯಿಂದ ನೋಡುತ್ತಿದ್ದೇವೆ ಎಂಬುದನ್ನು ಬದಲಿಸಿ ನೋಡು ಎಂದರು, ಅಂಕಿಗಿಂತ ದೋಷದ ಅಂದಾಜನ್ನು ದಪ್ಪಕ್ಷರದಲ್ಲಿ ಬರೆ ಎಂದರು. ಕೊನೆಗೆ ಪೆನ್ಸಿಲು ತೆಗೆದು ಪರಿವಿಡಿಯಲ್ಲಿ ಮೂರನೆಯ ಅಧ್ಯಾಯದ ಮೇಲೆ ಗುರುವಾರ ತಾವೇ ಹಾಕಿದ್ದ ಕಾಟನ್ನು ಅದರ ತುದಿಯ ರಬ್ಬರಿನಿಂದ ಒರೆಸಿದರು.

"ಇರ್ಲಿ ಇದು. ನಿಂದ ಇದು" ಎಂದರು. "ಸೊನ್ನೆಕ್ಕ ಬೇಲಿ ಹಾಕೀದಿ ಅಂದ್ರ, ನಿಮ್ಮ ಮನ್ಯಾಗ ಎಡಕ್ಕ ತಿರುಗೂದು ಏನೂ ಇಲ್ಲೇನು?"

"ಒಬ್ಬಾಕಿ ಇದ್ದಾಳ್ರಿ ಸರ್" ಎಂದೆ.

ಹೊರಗೆ ಬಂದು ವಿಭಾಗದ ವರಾಂಡದಲ್ಲಿ ಸುತ್ತಮುತ್ತ ನೋಡಿ ಒಂದೇ ಒಂದು ಸುತ್ತು ಎಡಕ್ಕೆ ತಿರುಗಿದೆ. ಕಂಬಕ್ಕೆ ಮೊಣಕೈ ಬಡಿಯಿತು. ಊರಿಗೆ ಫೋನು ಮಾಡಿದೆ. ಖಾಲಾ ಮಾಳಿಗೆಯಿಂದಲೇ ಕೂಗಿ ಆಯಿಯನ್ನು ಕರೆದರು. ಆಯಿ ಮೆಟ್ಟಿಲು ಹತ್ತಿ ಬರುವ ತನಕ ನನ್ನ ಮೊಣಕೈ ಉಜ್ಜಿಕೊಳ್ಳುತ್ತ ನಿಂತಿದ್ದೆ.

"ತಿರುಗ್ತೇನು?" ಎಂದಳು, ಏದುಸಿರಿನಲ್ಲಿ.

"ತಿರುಗ್ತದ ಆಯಿ. ಪುಸ್ತಕದಾಗ ಇಟ್ಟಾರ."

"ಹಾಂ."

"ಆದ್ರ ಉಲ್ಟಾ ತಿರುಗ್ತದ. ಅದರ ಸುತ್ತಿಂದೆಲ್ಲಾ ಒಂದು ಕಡೀಗಿ, ಅದು ಇನ್ನೊಂದು ಕಡೀಗಿ. ಅತ್ತಿಗತೆ."

ಆಯಿ ದನಿ ತಗ್ಗಿಸಿ, ಮಾಳಿಗೆಯ ಮೇಲೆ ಬೇರೆ ಯಾರಿಗೂ ಕೇಳಬಾರದೆಂಬಂತೆ ಹೇಳಿದಳು: "ಉಲ್ಟಾ ಅಂತ ಊರಾಗ ಹೇಳಬ್ಯಾಡ. ತಿರುಗ್ತದ ಅಂತಷ್ಟ ಹೇಳು."

ಅದರ ಹಿಂದೆಯೇ ಅತ್ತಿಯ ನಗು ಕೇಳಿಸಿತು ಎಂದು ನನಗೆ ನೆನಪು, ಟ್ಯಾಂಕಿನ ಕಡೆಯಿಂದ, ದೊಡ್ಡದಾಗಿ. ದಿನಚರಿ ನೋಡಿದರೆ ಅತ್ತಿ ಆ ದಿನ ಬೆಳಿಗ್ಗೆಯೇ ಆಳಂದದ ಬಸ್ಸು ಹತ್ತಿ ಹೋಗಿದ್ದಳು. ದಿನಚರಿ ಬರೆದದ್ದೂ ನಾನೇ. ನಗುವನ್ನು ತೆಗೆಯಲು ಮನಸ್ಸು ಬರುತ್ತಿಲ್ಲ. ದೋಷದ ಅಂದಾಜಿನೊಳಗೆ ಇರಲಿ.